ಮೇಷ್ಟ್ರೇ, ಒಂದು ಗರ ಹಾಕಿ!

ನಮ್ಮ ನಾಡಿನಲ್ಲಿ ಇಸ್ಪೀಟ್ ಎಲೆಗೆ ಮರ್ಯಾದೆ ಸಿಗುವ ಜಾಗ ಒಂದೇ ಒಂದು: ಹತ್ತನೇ ತರಗತಿಯ ಗಣಿತದ ಪುಸ್ತಕ. ಅದೇ ಎಲೆ ಹಿಡಿದು ಅರಳಿಕಟ್ಟೆಯ ಮೇಲೆ ಕೂತು ನೋಡಿ, ಪೊಲೀಸ್ ಜೀಪು ಬರುತ್ತದೆ. ಮಾರನೇ ದಿನದ ಪೇಪರಿನಲ್ಲಿ ‘ಅಂದರ್ ಬಾಹರ್: ಎಂಟು ಮಂದಿ ಬಂಧನ’ ಅಂತ ನಿಮ್ಮ ಕೀರ್ತಿ ಊರೆಲ್ಲ ಹಬ್ಬುತ್ತದೆ. ಮನೆಯೊಳಗೆ ಹಿಡಿದು ಕೂತರೆ ಅಜ್ಜಿ, “ದರಿದ್ರ ಲಕ್ಷ್ಮೀನ ಕೈ ಹಿಡಿದು ಒಳಗೆ ಕರೀತೀಯೇನೋ” ಅಂತ ಶುರುಮಾಡುತ್ತಾಳೆ. ಆದರೆ ‘ಸಂಭವನೀಯತೆ’ ಅನ್ನುವ ಅಧ್ಯಾಯ ಬಂದದ್ದೇ ತಡ, ಸರ್ಕಾರವೇ ಎದುರು ನಿಂತು ಕೇಳುತ್ತದೆ: ಚೆನ್ನಾಗಿ ಕಲಸಿದ 52 ಎಲೆಗಳ ಕಟ್ಟಿನಿಂದ ಒಂದು ಎಲೆ ಎತ್ತಿದರೆ ಅದು ಕೆಂಪು ರಾಜನಾಗಿರುವ ಸಂಭವ ಎಷ್ಟಪ್ಪಾ?

ಉತ್ತರ ಬರೆಯಬೇಕಾದ ಹುಡುಗ, ಪಾಪ, ಹುಟ್ಟಿದಾಗಿನಿಂದ ಇಸ್ಪೀಟ್ ಕಟ್ಟು ಮುಟ್ಟಿದವನಲ್ಲ. ಮುಟ್ಟಿದ್ದರೆ ಬೆನ್ನ ಮೇಲೆ ಬಾಸುಂಡೆ ಇರುತ್ತಿತ್ತು. ಆದ್ದರಿಂದ ಉರು ಹೊಡೆಯುತ್ತಾನೆ: ಕೆಂಪು 26, ಕಪ್ಪು 26, ಎಕ್ಕ ನಾಲ್ಕು, ರಾಜ ರಾಣಿ ಗುಲಾಮ ಸೇರಿ 12. ಆಟೀನು ಯಾವುದು, ಕಳಾವರ್ ಯಾವುದು ಅಂದರೆ ಮಿಸ್ ಮುಖ ನೋಡುತ್ತಾನೆ. ಮಿಸ್ಸೋ ಮರ್ಯಾದಸ್ಥರ ಮನೆಯ ಹೆಣ್ಣುಮಗಳು. ಬೋರ್ಡಿನ ಮೇಲೆ ಆಟೀನು ಬರೆಯಲು ಹೋಗಿ ವೀಳ್ಯದೆಲೆ ಬರೆದು, ಅದರ ಕೆಳಗೆ 13 ಅಂತ ಹಾಕುತ್ತಾರೆ. ಇಡೀ ಶಾಲೆಯಲ್ಲಿ ಈ ಅಧ್ಯಾಯ ಕರತಲಾಮಲಕವಾಗಿರುವುದು ಅಟೆಂಡರ್ ಒಬ್ಬನಿಗೇ. ಆದರೆ ಅವನನ್ನು ಸಂಪನ್ಮೂಲ ವ್ಯಕ್ತಿ ಅಂತ ಕರೆಯಲು ಯಾವ ಸುತ್ತೋಲೆಯೂ ಒಪ್ಪುವುದಿಲ್ಲ.

ನೋಡಿ, ಇಲ್ಲಿರುವ ತಮಾಷೆ ಇಷ್ಟೇ. ಆಡುವವರು ಲೆಕ್ಕ ಹಾಕುವುದಿಲ್ಲ, ಲೆಕ್ಕ ಹಾಕುವವರು ಆಡುವುದಿಲ್ಲ. ಕಟ್ಟೆಯವರಿಗೆ ಆಟ ಗೊತ್ತು, ಭಿನ್ನರಾಶಿ ಗೊತ್ತಿಲ್ಲ. ಕ್ಲಾಸಿನವರಿಗೆ ಭಿನ್ನರಾಶಿ ಗೊತ್ತು, ಆಟ ಗೊತ್ತಿಲ್ಲ. ಇಬ್ಬರೂ ಮೋಸ ಹೋಗುತ್ತಾರೆ. ಒಬ್ಬ ದುಡ್ಡಿನಲ್ಲಿ, ಒಬ್ಬ ಅಂಕದಲ್ಲಿ.

ನಮ್ಮ ಬಡಾವಣೆಯಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಬೇಸಿಗೆ ರಜೆ ಬಂತೆಂದರೆ ಅವರ ಮನೆಯ ಜಗಲಿ ಬೀದಿಯ ಮಕ್ಕಳ ಪಾಲು. ಬೇರೆ ಬೇಸಿಗೆ ಶಿಬಿರಗಳಲ್ಲಿ ವೇದಗಣಿತ, ಅಬ್ಯಾಕಸ್, ರೋಬೋಟು ಅಂತ ಫೀಸು ಕೀಳುವಾಗ ಇವರು ಸೀಮೆಸುಣ್ಣದಲ್ಲಿ ಐದೈದ್ಲ ಇಪ್ಪತ್ತೈದು ಮನೆ ಬರೆದು, ನಾಲ್ಕು ಕವಡೆ ಇಟ್ಟು, “ಬನ್ರೋ, ಚೌಕಾಬಾರ” ಅನ್ನುತ್ತಾರೆ. ಫೀಸು ಇಲ್ಲ. ಫೀಸು ಇಲ್ಲದ್ದರಿಂದ ಇದೂ ಒಂದು ಶಿಕ್ಷಣ ಅಂತ ಯಾವ ತಂದೆತಾಯಿಗೂ ಇನ್ನೂ ಅನುಮಾನ ಬಂದಿಲ್ಲ.

ಆಟ ನಿಮಗೆ ಗೊತ್ತಿರುವುದೇ. ಎಷ್ಟು ಕವಡೆ ಅಂಗಾತ ಬಿದ್ದವೋ ಅಷ್ಟು ಮನೆ ನಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲು ಬಿದ್ದರೆ ಬಾರಾ, ಎಂಟು ಮನೆ. ಚೌಕ ಅಥವಾ ಬಾರಾ ಬಿದ್ದವರಿಗೆ ಮತ್ತೊಂದು ಸಲ ಹಾಕುವ ಭಾಗ್ಯ. ಎದುರಾಳಿಯ ಕಾಯಿ ಹೊಡೆದವನಿಗೆ ಒಳಮನೆಗೆ ಪ್ರವೇಶ, ನಡುಮನೆ ಮುಟ್ಟಿದ ಕಾಯಿ ಹಣ್ಣು. ಇಸ್ಪೀಟಿಗೆ ದರಿದ್ರ ಲಕ್ಷ್ಮಿ ಅಂದ ಅದೇ ಅಜ್ಜಿ ಈ ಆಟಕ್ಕೆ ಸೆರಗು ಸಿಕ್ಕಿಸಿಕೊಂಡು ಕೂರುತ್ತಾಳೆ. ಯಾಕಜ್ಜೀ, ಇದೂ ಅದೃಷ್ಟದ ಆಟವೇ ಅಲ್ಲವೇ ಅಂದರೆ, “ಇದು ಸಂಪ್ರದಾಯ ಕಣೋ” ಎಂಬ ಉತ್ತರ ತಯಾರಾಗಿರುತ್ತದೆ. ಅಜ್ಜಿಯ ಮಾತು ತೆಗೆದುಹಾಕುವಂತಿಲ್ಲ. ಶಿವರಾತ್ರಿಯ ಜಾಗರಣೆಗೆ ಪಗಡೆ ಹಾಸು ಬಿಚ್ಚಿದ ನಾಡು ಇದು. ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯಾಟಗಳನ್ನು ತಾವೇ ಹೊಸೆದವರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ನಿಧಿಯಾದ ಕೌತುಕನಿಧಿಯಲ್ಲಿ ಆಟಗಳಿಗೂ ಜಾಗವಿದೆ. ದೇವತೆಗಳಿಗೆ ಕೊಟ್ಟ ಪುಸ್ತಕದಲ್ಲೇ ಆಟಕ್ಕೂ ಪೀಠ ಹಾಕಿದ ಅರಸರ ಊರಿನಲ್ಲಿ, ಕವಡೆ ಹಿಡಿದ ಮಗುವಿಗೆ “ಓದ್ಕೋ ಹೋಗು” ಅನ್ನುವುದು ರಾಜದ್ರೋಹಕ್ಕೆ ಸಮ.

ಇರಲಿ, ಮೇಷ್ಟ್ರ ಜಗಲಿಗೆ ಬನ್ನಿ.

“ಯಾವ ಗರ ಜಾಸ್ತಿ ಬೀಳತ್ತೆ?” ಅಂತ ಮೇಷ್ಟ್ರು ಕೇಳುತ್ತಾರೆ. ಮಕ್ಕಳು ಒಕ್ಕೊರಲಿನಿಂದ, “ಬಾರಾ!” ಯಾಕೆ? ಯಾಕೆಂದರೆ ಎಲ್ಲರೂ ಕೂಗುವುದು ಅದನ್ನೇ. ಕೂಗಿ ಬಿದ್ದದ್ದು ನೆನಪಿರುತ್ತದೆ, ಕೂಗದೆ ಬಿದ್ದದ್ದು ಮರೆತುಹೋಗುತ್ತದೆ. ಜ್ಯೋತಿಷ್ಯ ನಡೆಯುವುದೂ ಇದೇ ಬಂಡವಾಳದ ಮೇಲೆ. ಮೇಷ್ಟ್ರು ವಾದಕ್ಕೆ ಹೋಗುವುದಿಲ್ಲ. ಒಬ್ಬಳು ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟು, ಬಿದ್ದ ಗರಕ್ಕೆಲ್ಲ ಗೋಡೆಯ ಮೇಲೆ ಗೀಟು ಎಳೆಯಲು ಹೇಳುತ್ತಾರೆ. ನಾಲ್ಕು ಗೀಟು, ಐದನೆಯದು ಅಡ್ಡ. ಸಂಜೆಯ ಹೊತ್ತಿಗೆ ಎರಡರ ಸಾಲು ಬಾಗಿಲ ಚೌಕಟ್ಟು ದಾಟಿರುತ್ತದೆ. ಬಾರಾದ ಸಾಲು ಇನ್ನೂ ಸ್ವಿಚ್ ಬೋರ್ಡಿನ ಹತ್ತಿರ ಕಾಲೆಳೆಯುತ್ತಿರುತ್ತದೆ.

“ಯಾಕೆ ಹೀಗೆ?” ಈಗ ಮಕ್ಕಳೇ ಕೇಳುತ್ತಾರೆ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ಶಾಲೆ. ಕೇಳುವ ತನಕ ಕಾಯುವುದು ಮೇಷ್ಟ್ರ ಪದ್ಧತಿ.

ಮೇಷ್ಟ್ರು ಎದ್ದು ದೇವರ ಮನೆಗೆ ಹೋಗಿ ನಾಲ್ಕು ಬಟ್ಟಲು ತರುತ್ತಾರೆ. ಒಂದು ಕವಡೆಗೆ ಅರಿಶಿನದ ಬೊಟ್ಟು, ಒಂದಕ್ಕೆ ಕುಂಕುಮ, ಒಂದಕ್ಕೆ ವಿಭೂತಿ, ಇನ್ನೊಂದಕ್ಕೆ ಕಾಡಿಗೆ. ಈಗ ನಾಲ್ಕಕ್ಕೂ ಗುರುತು ಬಂತು. “ನಾಲ್ಕೂ ಬೋರಲು ಬೀಳೋಕೆ ಎಷ್ಟು ದಾರಿ?” ಒಂದೇ. “ನಾಲ್ಕೂ ಅಂಗಾತ?” ಅದೂ ಒಂದೇ. “ಒಂದು ಮಾತ್ರ ಅಂಗಾತ?” ಅರಿಶಿನದ್ದೋ, ಕುಂಕುಮದ್ದೋ, ವಿಭೂತಿಯದೋ, ಕಾಡಿಗೆಯದೋ, ನಾಲ್ಕು. ಮೂರು ಅಂಗಾತ ಅಂದರೆ ಒಂದು ಮಾತ್ರ ಬೋರಲು, ಅದೂ ನಾಲ್ಕು. “ಎರಡು?” ಇಲ್ಲಿ ಗಲಾಟೆ ಶುರು. ಅರಿಶಿನ-ಕುಂಕುಮ, ಅರಿಶಿನ-ವಿಭೂತಿ, ಅರಿಶಿನ-ಕಾಡಿಗೆ, ಕುಂಕುಮ-ವಿಭೂತಿ, ಕುಂಕುಮ-ಕಾಡಿಗೆ, ವಿಭೂತಿ-ಕಾಡಿಗೆ. ಬೆರಳು ಮಡಿಸಿದರೆ ಆರು. ಒಟ್ಟು 16 ದಾರಿ, ಅದರಲ್ಲಿ ಎರಡಕ್ಕೇ ಆರು, ಬಾರಾಕ್ಕೆ ಒಂದು. ಪಿಯುಸಿಯಲ್ಲಿ ‘ದ್ವಿಪದ’ ಅಂತ ಹೆಸರು ಹೇಳಿ ಬೆದರಿಸುವ ಪ್ರಾಣಿ ಇಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡು ಮುತ್ತೈದೆಯಾಗಿ ಕೂತಿರುತ್ತದೆ.

ಮುಂದಿನದು ಸರಾಸರಿ. ಹದಿನಾರೂ ದಾರಿಯ ಮನೆಗಳನ್ನು ಕೂಡಿದರೆ 40. ಹದಿನಾರರಿಂದ ಭಾಗಿಸಿದರೆ ಎರಡೂವರೆ. “ಅಂದ್ರೆ ಒಂದು ಗರಕ್ಕೆ ಸರಾಸರಿ ಎರಡೂವರೆ ಮನೆ” ಅಂತ ಮೇಷ್ಟ್ರು ಹೇಳಿದ್ದೇ, ಪುಟ್ಟ ಹುಡುಗಿಯೊಬ್ಬಳು, “ತಾತ, ಅರ್ಧ ಮನೆ ಅಂದ್ರೆ ಗೆರೆ ಮೇಲೆ ಕೂರೋದಾ?” ಅಂದಳು. ಸರಾಸರಿ ಅನ್ನುವುದು ಎಲ್ಲರಿಗೂ ಅನ್ವಯಿಸಿ ಯಾರ ಕೈಗೂ ಸಿಗದ ಸಂಗತಿ ಅಂತ ಆ ವಯಸ್ಸಿಗೇ ಅವಳಿಗೆ ಹೊಳೆದದ್ದು ಸಣ್ಣ ಮಾತಲ್ಲ. ತಲಾ ಆದಾಯದ ಅಂಕಿ ಓದಿ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುವ ದೊಡ್ಡವರಿಗೆ ಇನ್ನೂ ಹೊಳೆದಿಲ್ಲ.

ಇಷ್ಟೆಲ್ಲ ಲೆಕ್ಕ ಅಜ್ಜಿಗೆ ಬೇಡ. ತನ್ನ ಕಾಯಿಯನ್ನು ಎದುರಾಳಿಯ ಕಾಯಿಗೆ ಎರಡು ಮನೆ ಮುಂದೆ ಬಿಟ್ಟರೆ ಒಂದೇ ಗರದಲ್ಲಿ ಏಟು ಬೀಳುವ ಸಂಭವ ಹದಿನಾರರಲ್ಲಿ ಆರು, ನಾಲ್ಕು ಮನೆ ಮುಂದೆ ಬಿಟ್ಟರೆ ಹದಿನಾರರಲ್ಲಿ ಒಂದು. ಅಜ್ಜಿ ಇದನ್ನು ಎಲ್ಲೂ ಓದಿಲ್ಲ. ಆದರೂ ಆಕೆಯ ಕಾಯಿ ಸದಾ ನಾಲ್ಕು ಮನೆ ದೂರದಲ್ಲಿ ತಣ್ಣಗೆ ಕೂತಿರುತ್ತದೆ. ಮೊಮ್ಮಗ ಎಂಜಿನಿಯರಿಂಗ್ ಮುಗಿಸಿ ಬಂದವನು, ಎರಡು ಮನೆ ದೂರದಲ್ಲಿ ನಿಲ್ಲಿಸಿ ಏಟು ತಿಂದು, “ನನ್ನ ಲಕ್ಕೇ ಸರಿಯಿಲ್ಲ” ಅನ್ನುತ್ತಾನೆ.

ಒಂದು ದಿನ ಒಬ್ಬ ತರಲೆ ಹುಡುಗ ಗೋಡೆಯ ಗೀಟುಗಳನ್ನು ಎಣಿಸಿ ತಗಾದೆ ತೆಗೆದ. “ತಾತ, ಹದಿನಾರಕ್ಕೆ ಒಂದು ಬಾರಾ ಅಂದ್ರಿ, ಇಲ್ಲಿ ಅದಕ್ಕಿಂತ ಜಾಸ್ತಿ ಬಿದ್ದಿದೆ. ನಿಮ್ಮ ಲೆಕ್ಕ ಸುಳ್ಳು.” ಬೇರೆ ಮೇಷ್ಟ್ರಾಗಿದ್ದರೆ ಕಿವಿ ಹಿಂಡುತ್ತಿದ್ದರು. ನಮ್ಮವರು ಹುರಿಗಾಳಿನ ಡಬ್ಬಿಯನ್ನೇ ಅವನ ಮುಂದಿಟ್ಟರು. ಲೆಕ್ಕ ಸುಳ್ಳಲ್ಲ, ಕವಡೆ ಸಾಚಾ ಅಲ್ಲ. ಕವಡೆಗೆ ಒಂದು ಕಡೆ ಗೂನು, ಒಂದು ಕಡೆ ಬಾಯಿ. ಅದು ಅಂಗಾತ ಬೀಳುವುದಕ್ಕೂ ಬೋರಲು ಬೀಳುವುದಕ್ಕೂ ಸರಿಸಮ ಸಂಭವ ಇರಲೇಬೇಕು ಅಂತ ಅದು ಯಾರಿಗೂ ಬರೆದುಕೊಟ್ಟಿಲ್ಲ. ಪುಸ್ತಕದ ನಾಣ್ಯ, ಪುಸ್ತಕದ ದಾಳ ಎರಡೂ ‘ನ್ಯಾಯಯುತ’ ಅಂತ ಪ್ರಶ್ನೆಯಲ್ಲೇ ಸರ್ಟಿಫಿಕೇಟು ಕೊಟ್ಟಿರುತ್ತಾರೆ. ಜಗತ್ತಿನಲ್ಲಿ ಅಂಥ ಸರ್ಟಿಫಿಕೇಟು ಅಂಟಿಸಿಕೊಂಡು ಯಾವ ವಸ್ತುವೂ ಓಡಾಡುವುದಿಲ್ಲ. ಅದಕ್ಕೇ ನಾಣ್ಯಕ್ಕಿಂತ ಕವಡೆ ಒಳ್ಳೆಯ ಗುರು. ಅಂದು ಮಕ್ಕಳು ಒಂದೊಂದೇ ಕವಡೆಯನ್ನು ಬೇರೆ ಬೇರೆ ಎಸೆದು, ಪ್ರತಿಯೊಂದಕ್ಕೂ ಗುಣನಡತೆಯ ಪತ್ರ ಬರೆದರು. ಕಾಡಿಗೆ ಬೊಟ್ಟಿನದು ಬೋರಲು ಪ್ರಿಯ ಅಂತ ಇಡೀ ಬೀದಿಗೆ ಗೊತ್ತಾಯಿತು.

ಇದು ಮಕ್ಕಳಾಟ ಅಂತ ನಗಬೇಡಿ. ಇಂಗ್ಲೆಂಡಿನ ವೆಲ್ಡನ್ ಎಂಬ ಪ್ರಾಣಿಶಾಸ್ತ್ರಜ್ಞ 12 ದಾಳಗಳ ಲೆಕ್ಕವನ್ನು 26,306 ಸಲ ಬರೆದಿಟ್ಟ. 1894ರ ಮಾತು. ಐದು ಅಥವಾ ಆರು ಬೀಳುವ ಪ್ರಮಾಣ ಮೂರರಲ್ಲಿ ಒಂದು, ಅಂದರೆ 0.3333 ಬರಬೇಕಿತ್ತು. ಬಂದದ್ದು 0.3377. ಕೂದಲೆಳೆಯ ವ್ಯತ್ಯಾಸವೇ, ಆದರೆ ಅಷ್ಟು ಸಲ ಎಸೆದ ಮೇಲೆ ಕಾಕತಾಳೀಯ ಅಂತ ತಳ್ಳಿಹಾಕುವಂತಿರಲಿಲ್ಲ. ಚುಕ್ಕಿ ಕೊರೆದ ಗುಳಿ ಹೆಚ್ಚಾದಷ್ಟೂ ಆ ಮುಖ ಹಗುರ, ಹಗುರ ಮುಖ ಮೇಲೆ ಬರುತ್ತದೆ ಅನ್ನುವುದು ಇದಕ್ಕೆ ಕೊಡುವ ಸಾಮಾನ್ಯ ವಿವರಣೆ. ಇನ್ನೊಬ್ಬ ಮಹಾಶಯ ಕೆರಿಚ್. ಎರಡನೇ ಮಹಾಯುದ್ಧದಲ್ಲಿ ಡೆನ್ಮಾರ್ಕಿನಲ್ಲಿ ಸೆರೆಯಾಳಾಗಿ ಸಿಕ್ಕಿಕೊಂಡ ಗಣಿತದ ಮೇಷ್ಟ್ರು. ಶಿಬಿರದಲ್ಲಿ ಹೊತ್ತು ಹೋಗಬೇಕಲ್ಲ, ಒಂದು ನಾಣ್ಯವನ್ನು 10,000 ಸಲ ಚಿಮ್ಮಿದರು. ಹೆಡ್ಡು ಬಿದ್ದದ್ದು 5,067. ನಮ್ಮ ಹತ್ತನೇ ತರಗತಿಯ ಪುಸ್ತಕದಲ್ಲೂ ಈ ಅಂಕಿ ಇಣುಕುತ್ತದೆ. ಆದರೆ ಆ ಪುಟ ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ಎಲ್ಲರೂ ಭಕ್ತಿಯಿಂದ ತಿರುವಿಹಾಕುತ್ತಾರೆ.

ನಾಣ್ಯದ ಮಾತು ಬಂತಲ್ಲ, ಮೇಷ್ಟ್ರ ಪತ್ತೇದಾರಿಕೆಯನ್ನು ಹೇಳಿಬಿಡುತ್ತೇನೆ. ಮಕ್ಕಳನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪು ನಿಜವಾಗಿಯೂ ನೂರು ಸಲ ನಾಣ್ಯ ಚಿಮ್ಮಿ ಬರೆದುಕೊಳ್ಳಬೇಕು. ಇನ್ನೊಂದು ಗುಂಪು ಚಿಮ್ಮದೆ, ಚಿಮ್ಮಿದ ಹಾಗೆ ಸುಳ್ಳು ಪಟ್ಟಿ ಬರೆಯಬೇಕು. ಯಾವುದು ಯಾರದು ಅಂತ ಹೇಳದೆ ತಂದುಕೊಡಬೇಕು. ಮೇಷ್ಟ್ರು ಕನ್ನಡಕ ಏರಿಸಿ, ಎರಡೂ ಹಾಳೆ ನೋಡಿ, “ಇದು ಕಳ್ಳ ಪಟ್ಟಿ” ಅಂತ ಎತ್ತಿಹಾಕುತ್ತಾರೆ. ಮಕ್ಕಳಿಗೆ ಅವರು ಯಾವುದೋ ಅಂಜನ ಹಾಕಿಸಿಕೊಂಡಿದ್ದಾರೆ ಅಂತಲೇ ನಂಬಿಕೆ. ಗುಟ್ಟು ಇಷ್ಟೇ. ಸುಳ್ಳು ಬರೆಯುವವನು ಧರ್ಮಭೀರು. ಮೂರು ಹೆಡ್ಡು ಬರೆದ ಕೂಡಲೇ ಅವನ ಕೈ ನಡುಗುತ್ತದೆ, ಒಂದು ಟೈಲು ಹಾಕಿ ನ್ಯಾಯ ಒದಗಿಸುತ್ತಾನೆ. ನಿಜವಾದ ನಾಣ್ಯಕ್ಕೆ ಅಂಥ ದಾಕ್ಷಿಣ್ಯ ಇಲ್ಲ. ನೂರು ಸಲ ಚಿಮ್ಮಿದರೆ ಎಲ್ಲೋ ಒಂದು ಕಡೆ ಒಂದೇ ಮುಖ ಸತತ ಆರು ಸಲವಾದರೂ ಬೀಳುವ ಸಂಭವ ನೂರಕ್ಕೆ 80ರಷ್ಟಿದೆ. ಅಂಥ ಉದ್ದದ ಸಾಲು ಇಲ್ಲದ ಪಟ್ಟಿ ಕಂಡರೆ ಕಳ್ಳನ ಕೈ ಹಿಡಿಯಬಹುದು. ಮೇಷ್ಟ್ರೂ ಒಮ್ಮೊಮ್ಮೆ ತಪ್ಪುತ್ತಾರೆ. ಅದು ಎಷ್ಟು ಸಲ ಅನ್ನುವುದೇ ಮಾರನೇ ದಿನದ ಪಾಠ.

ಈ ಪಾಠ ಆಗದವರು ಟಿವಿ ಮುಂದೆ ಸಿಗುತ್ತಾರೆ. 2025ರ ಮಾರ್ಚಿನಲ್ಲಿ ಚಾಂಪಿಯನ್ಸ್ ಟ್ರೋಫಿಯ ಫೈನಲ್ಲಿಗೆ ರೋಹಿತ್ ಶರ್ಮಾ ನಾಣ್ಯ ಚಿಮ್ಮಲು ಹೋದಾಗ ಅವರು ಏಕದಿನದಲ್ಲಿ ಸತತ 11 ಟಾಸು ಸೋತಿದ್ದರು. “ಇವತ್ತು ಗೆದ್ದೇ ಗೆಲ್ತಾನೆ, ಎಷ್ಟು ಅಂತ ಸೋಲೋದು” ಅಂತ ನಮ್ಮ ಬೀದಿಯೆಲ್ಲ ಭವಿಷ್ಯ ನುಡಿಯಿತು. ಹನ್ನೆರಡನೆಯದನ್ನೂ ಸೋತರು, ಬ್ರಯಾನ್ ಲಾರಾರ ದಾಖಲೆ ಸರಿಗಟ್ಟಿದರು. ಹನ್ನೆರಡು ಟಾಸು ಒಂದರ ಹಿಂದೊಂದು ಸೋಲುವ ಸಂಭವ 4,096ರಲ್ಲಿ ಒಂದು ನಿಜ. ಆದರೆ ಹನ್ನೊಂದು ಸೋತಾದ ಮೇಲೆ ಹನ್ನೆರಡನೆಯದನ್ನು ಸೋಲುವ ಸಂಭವ ಬರೀ ಎರಡರಲ್ಲಿ ಒಂದು. ನಾಣ್ಯ ಹಿಂದಿನ ಸೋಲನ್ನು ಲೆಕ್ಕ ಇಟ್ಟಿರುವುದಿಲ್ಲ, ಅದಕ್ಕೆ ಪರಿಹಾರವನ್ನೂ ಕೊಡುವುದಿಲ್ಲ. ಅಂದಹಾಗೆ ಟಾಸು ಸೋತು ಕಪ್ಪು ಗೆದ್ದರು, ಅದು ಬೇರೆ ಕತೆ.

ಮಕ್ಕಳಿಗೆ ಅತಿ ಪ್ರಿಯವಾದದ್ದು ಮೇಷ್ಟ್ರ ಕಂಬಳ. ಜಗಲಿಯ ಮೇಲೆ ಉದ್ದುದ್ದ ಗೆರೆ ಎಳೆದು ಕರೆ ಮಾಡುತ್ತಾರೆ. ಒಂದರಿಂದ ಹನ್ನೆರಡರವರೆಗೆ ನಂಬರು. ಒಬ್ಬೊಬ್ಬರು ಒಂದೊಂದು ಕೋಣ ಆರಿಸಿಕೊಳ್ಳಬೇಕು. ಎರಡು ದಾಳ ಎಸೆದು ಕೂಡಿದಾಗ ಬಂದ ನಂಬರಿನ ಕೋಣ ಒಂದು ಹೆಜ್ಜೆ ಮುಂದೆ. ಮೊದಲು ಕೊನೆ ಮುಟ್ಟಿದ ಕೋಣಕ್ಕೆ ಚಿನ್ನದ ಪದಕ, ಅಂದರೆ ಒಂದು ಪಾರ್ಲೆ-ಜಿ. ದೊಡ್ಡ ಹುಡುಗರು ನುಗ್ಗಿ 12 ಹಿಡಿಯುತ್ತಾರೆ, ದೊಡ್ಡ ನಂಬರು ಅಂತ. ಹುಟ್ಟಿದ ತಾರೀಖು, ಮನೆ ನಂಬರು, ಕೊಹ್ಲಿಯ ಜರ್ಸಿ ಅಂತ ಉಳಿದವರು ತಮತಮಗೆ ತೋಚಿದ್ದು ಹಿಡಿಯುತ್ತಾರೆ. ಕೊಹ್ಲಿ ಭಕ್ತನಿಗೆ 18 ಸಿಗದೆ 8ಕ್ಕೆ ಸಮಾಧಾನ. ಮೊದಲ ಸ್ಥಾನವೇ ಬೇಕು ಅನ್ನುವ ಒಬ್ಬ ಮಹಾನುಭಾವ 1ನ್ನು ಹಿಡಿಯುತ್ತಾನೆ. ಎರಡು ದಾಳ ಎಸೆದು ಒಂದು ಬರುವುದು ಬ್ರಹ್ಮನಿಗೂ ಸಾಧ್ಯವಿಲ್ಲ ಅಂತ ಅವನಿಗೆ ಅರ್ಥವಾಗುವ ಹೊತ್ತಿಗೆ, ಬೇರೆ ಏನೂ ಸಿಗದೆ ಸಪ್ಪೆ ಮುಖ ಮಾಡಿಕೊಂಡು 7 ಹಿಡಿದ ಪುಟ್ಟಿ ಗೆದ್ದು ಬಿಸ್ಕತ್ತು ಮುಗಿಸಿರುತ್ತಾಳೆ. ಒಟ್ಟು 36 ದಾರಿಗಳಲ್ಲಿ ಏಳಕ್ಕೆ ಆರು, ಹನ್ನೆರಡಕ್ಕೆ ಒಂದು. ಎರಡನೇ ಓಟಕ್ಕೆ ಏಳರ ಕೋಣಕ್ಕಾಗಿ ಜಗಲಿಯಲ್ಲಿ ನಡೆಯುವ ಕಿತ್ತಾಟವೇ ಮೇಷ್ಟ್ರ ಪರೀಕ್ಷೆ. ಯಾರು ಕಿತ್ತಾಡಿದರೋ ಅವರು ಪಾಸು.

ಇಟಲಿಯ ಜೂಜುಗಾರರಿಗೂ ಇಂಥದೇ ಒಂದು ಗೊಂದಲ ಇತ್ತು. ಮೂರು ದಾಳ ಎಸೆದರೆ ಒಂಬತ್ತು ಬರುವುದಕ್ಕೂ ಆರು ಜೋಡಣೆ, ಹತ್ತು ಬರುವುದಕ್ಕೂ ಆರು ಜೋಡಣೆ. ಆದರೂ ಹತ್ತು ಚೂರು ಹೆಚ್ಚು ಬೀಳುತ್ತದಲ್ಲ, ಯಾಕೆ? ಗೆಲಿಲಿಯೋ ಕೂತು ಬಿಡಿಸಿದ. ದಾಳಗಳಿಗೆ ಬೇರೆ ಬೇರೆ ಗುರುತು ಕೊಟ್ಟು ಎಣಿಸಿದರೆ 216 ದಾರಿಗಳಲ್ಲಿ ಒಂಬತ್ತಕ್ಕೆ 25, ಹತ್ತಕ್ಕೆ 27. ಗುರುಗ್ರಹದ ಚಂದ್ರರನ್ನು ಕಂಡ ಕಣ್ಣಿಗೆ ಇದು ಕಂಡದ್ದು ಆಶ್ಚರ್ಯವಲ್ಲ. 216ರಲ್ಲಿ ಎರಡರ ವ್ಯತ್ಯಾಸವನ್ನು ಬರೀ ಆಡಿ ಆಡಿಯೇ ಗುರುತಿಸಿದ್ದರಲ್ಲ, ಆ ಜೂಜುಗಾರರಿಗೆ ಕೈಮುಗಿಯಬೇಕು. ಅಷ್ಟು ಶ್ರದ್ಧೆ ಪಿಎಚ್‌ಡಿಗೆ ಹಾಕಿದ್ದರೆ ಅವರ ಮನೆಯವರು ನೆಮ್ಮದಿಯಾಗಿರುತ್ತಿದ್ದರು.

ಇನ್ನೊಂದು ಪಂಥ ಇದೆ, ಇದನ್ನು ಮೇಷ್ಟ್ರು ಶಾಲೆಗಳಲ್ಲಿ ಕಟ್ಟುತ್ತಾರೆ. “ಈ ಕ್ಲಾಸಿನಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರತ್ತೆ.” ಮಕ್ಕಳು ನಗುತ್ತಾರೆ, ವರ್ಷಕ್ಕೆ 365 ದಿನ, ನಾವು ಇರೋದು 40 ಜನ. ಆದರೆ ಲೆಕ್ಕ ಬೇರೆ ಹೇಳುತ್ತದೆ. 23 ಜನ ಇದ್ದರೇ ಸಂಭವ ಅರ್ಧ ದಾಟುತ್ತದೆ, 40 ಜನ ಇದ್ದರೆ ನೂರಕ್ಕೆ 89. ಈ ಪಂಥವನ್ನು ನಮ್ಮ ಕಾಲದವರ ಮುಂದೆ ಮಾತ್ರ ಕಟ್ಟಬಾರದು. ನಮ್ಮಲ್ಲಿ ಅರ್ಧ ಜನ ಹುಟ್ಟಿದ್ದೇ ಜೂನ್ 1ಕ್ಕೆ. ಅವ್ವ ಹೆತ್ತದ್ದು ಸುಗ್ಗಿಯಲ್ಲೋ ಶ್ರಾವಣದಲ್ಲೋ, ಶಾಲೆಗೆ ಸೇರಿಸುವಾಗ ಹೆಡ್ಮಾಸ್ಟರು ಬರೆದದ್ದು ಜೂನ್ 1. ಸಂಭವನೀಯತೆಯ ಸೂತ್ರ ಎಷ್ಟೇ ಗಟ್ಟಿಯಾಗಿರಲಿ, ಹೆಡ್ಮಾಸ್ಟರ ಪೆನ್ನಿನ ಮುಂದೆ ನಿಲ್ಲುವುದಿಲ್ಲ. ಸೂತ್ರ ಹಾಕುವ ಮುಂಚೆ ಅಂಕಿ ಎಲ್ಲಿಂದ ಬಂತು ಅಂತ ವಿಚಾರಿಸು ಅನ್ನುವ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಆಟ ಅಂದಮೇಲೆ ನಡುವೆ ನಿಲ್ಲುವುದೂ ಇದ್ದದ್ದೇ. ಇಬ್ಬರು ಹುಡುಗರು ತಲಾ 32 ಹುಣಸೆಬೀಜ ಒತ್ತೆ ಇಟ್ಟು ಕೂತರು ಅನ್ನಿ. ಮೊದಲು ಮೂರು ಆಟ ಗೆದ್ದವನಿಗೆ 64 ಬೀಜವೂ. ಒಬ್ಬ ಎರಡು ಗೆದ್ದಿದ್ದಾನೆ, ಇನ್ನೊಬ್ಬ ಒಂದು. ಅಷ್ಟರಲ್ಲಿ ಒಳಗಿನಿಂದ “ಊಟಕ್ಕೆ ಏಳ್ರೋ” ಅಂತ ಕೂಗು. ಬೀಜ ಹಂಚುವುದು ಹೇಗೆ? ಹಿಂದಿದ್ದವನು ಸಮಪಾಲು ಅನ್ನುತ್ತಾನೆ, ಮುಂದಿದ್ದವನು ಎಲ್ಲಾ ನನ್ನದೇ ಅನ್ನುತ್ತಾನೆ, ಅಮ್ಮ ಬಂದು ಇಬ್ಬರಿಗೂ ಇಲ್ಲ ಅನ್ನುತ್ತಾಳೆ. 1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಪತ್ರದ ಮೇಲೆ ಪತ್ರ ಬರೆದುಕೊಂಡದ್ದು ಈ ಜಗಳದ ಬಗ್ಗೆಯೇ. ಪಾಸ್ಕಲ್ ಹೇಳಿದ ದಾರಿ ಅಮ್ಮನದಕ್ಕಿಂತ ನ್ಯಾಯವಾದದ್ದು. ಇನ್ನೊಂದು ಆಟ ನಡೆದಿದ್ದರೆ ಏನಾಗುತ್ತಿತ್ತು ನೋಡು. ಮುಂದಿದ್ದವನು ಗೆದ್ದರೆ 64 ಬೀಜವೂ ಅವನದೇ. ಸೋತರೆ ಇಬ್ಬರೂ ಎರಡೆರಡು, ತಲಾ 32. ಅಂದಮೇಲೆ 32 ಅವನಿಗೆ ಹೇಗಿದ್ದರೂ ಖಾತ್ರಿ, ಜಗಳ ಇರುವುದು ಉಳಿದ 32ಕ್ಕೆ, ಅದನ್ನು ಅರ್ಧ ಮಾಡಿ. ಅವನಿಗೆ 48, ಇವನಿಗೆ 16. ಆಗಿಹೋದ ಆಟವನ್ನು ಎಣಿಸಬೇಡ, ಆಗಬಹುದಾದ ಆಟವನ್ನು ಎಣಿಸು. ಈ ಒಂದು ಮಾತಿನಿಂದ ಬೆಳೆದ ಶಾಸ್ತ್ರ ಇವತ್ತು ಜೀವವಿಮೆಯ ಕಂತಿನಿಂದ ಹವಾಮಾನದ ಮುನ್ಸೂಚನೆಯವರೆಗೆ ಹಬ್ಬಿದೆ. ಊಟಕ್ಕೆ ಕರೆದವರಿಗೂ ಅದರಲ್ಲಿ ಪಾಲಿದೆ.

ಇಷ್ಟು ಹೊತ್ತಿಗೆ ಗೇಟಿನ ಹತ್ತಿರ ಒಬ್ಬ ತಂದೆ ಬಂದು ನಿಂತಿರುತ್ತಾರೆ. ಇಂಥ ಕಡೆ ಒಬ್ಬರು ಬರಲೇಬೇಕು. “ಏನ್ ಸಾರ್, ಮಕ್ಕಳಿಗೆ ಜೂಜು ಕಲಿಸ್ತಿದ್ದೀರಂತೆ? ಧರ್ಮರಾಯನ ಗತಿ ಗೊತ್ತಿಲ್ವಾ?”

ಮೇಷ್ಟ್ರಿಗೆ ಮಹಾಭಾರತ ಅಂದರೆ ಇನ್ನೂ ಉತ್ಸಾಹ. “ಬನ್ನಿ ಸ್ವಾಮಿ, ಕೂತ್ಕೊಳ್ಳಿ. ಧರ್ಮರಾಯನಿಗೆ ಬಂದ ಕಷ್ಟ ಆಡಿದ್ದರಿಂದಲ್ಲ, ಲೆಕ್ಕ ಇಡದೆ ಆಡಿದ್ದರಿಂದ. ಒಂದೊಂದು ಗರಕ್ಕೂ ಒಂದು ಗೀಟು ಎಳೆದಿದ್ದರೆ ನಾಲ್ಕನೇ ಪಣಕ್ಕೇ ಶಕುನಿಯ ದಾಳದ ಮೇಲೆ ಅನುಮಾನ ಬರ್ತಿತ್ತು. ಅದೇ ವನಪರ್ವದಲ್ಲಿ ನಳನ ಕತೆ ಇದೆ ನೋಡಿ. ಜೂಜಲ್ಲಿ ರಾಜ್ಯ ಕಳ್ಕೊಂಡು ಬಾಹುಕ ಅಂತ ಹೆಸರಿಟ್ಟುಕೊಂಡು ಋತುಪರ್ಣನ ಸಾರಥಿಯಾಗಿದ್ದ. ದಾರೀಲಿ ಒಂದು ತಾರೆ ಮರ. ಋತುಪರ್ಣ ನೋಡಿದೋನೇ, ಈ ಎರಡು ಕೊಂಬೇಲಿ 2,095 ಕಾಯಿ ಇದೆ ಅಂದ. ಬಾಹುಕ ಬಿಡ್ತಾನಾ? ರಥ ನಿಲ್ಲಿಸಿ ಎಣಿಸಿಯೇ ಎಣಿಸಿದ. ಸರಿಯಾಗಿತ್ತು. ಆಮೇಲೆ ಋತುಪರ್ಣನಿಂದ ಅಕ್ಷಹೃದಯ ಕಲಿತ, ತನ್ನ ಅಶ್ವಹೃದಯ ಅವನಿಗೆ ಕೊಟ್ಟ. ಕಲಿತದ್ದೇ ತಡ, ಮೈಯೊಳಗಿದ್ದ ಕಲಿ ಬಿಟ್ಟು ಓಡಿಹೋದ. ಎಣಿಕೆ ಕಲಿತರೆ ಕಲಿ ಓಡ್ತಾನೆ ಸ್ವಾಮಿ, ವ್ಯಾಸರೇ ಹೇಳಿದ್ದಾರೆ.”

ತಂದೆ ಒಪ್ಪಲಿಲ್ಲ, ಆದರೆ ಕೂತರು. ಮೇಷ್ಟ್ರು ಅಂದು ಕೊನೆಯ ಆಟ ಆಡಿಸಿದರು. ಎಲ್ಲ ಮಕ್ಕಳಿಗೂ ತಲಾ 20 ಹುಣಸೆಬೀಜ. ಒಂದು ಚೊಂಬಿನಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಬರೆದ ಹತ್ತು ಚೀಟಿ. ಬೇಕಾದ ನಂಬರಿಗೆ ಒಂದು ಬೀಜ ಕಟ್ಟಿ. ಚೀಟಿ ಎತ್ತುವವರು ಮಕ್ಕಳೇ. ಬಿದ್ದರೆ ಮೇಷ್ಟ್ರು ಎಂಟು ಬೀಜ ಕೊಡುತ್ತಾರೆ, ಬೀಳದಿದ್ದರೆ ಕಟ್ಟಿದ ಬೀಜ ಮೇಷ್ಟ್ರದು. ಮೊದಲ ಸುತ್ತಿನಲ್ಲೇ ಒಬ್ಬನಿಗೆ ಎಂಟು ಬಿತ್ತು. ಏನು ಕೇಕೆ, ಏನು ಕುಣಿತ! ಅವನ ನಂಬರಿಗೇ ಮುಂದಿನ ಸುತ್ತಿನಲ್ಲಿ ನಾಲ್ವರು ಕಟ್ಟಿದರು. ಒಬ್ಬಳು ಗೋಡೆಯ ಮೇಲೆ ಬಂದ ನಂಬರನ್ನೆಲ್ಲ ಬರೆದಿಟ್ಟು “ಇನ್ನೂ ಬರದೇ ಇರೋದು” ಹುಡುಕತೊಡಗಿದಳು. ಒಬ್ಬ ಕಣ್ಣುಮುಚ್ಚಿ ಕುಲದೇವರನ್ನು ಕೇಳಿದ. ಗೆಲ್ಲುತ್ತಿದ್ದರು, ಸೋಲುತ್ತಿದ್ದರು, ಆದರೆ ಒಂದೊಂದಾಗಿ ಬೀಜವೆಲ್ಲ ಮೇಷ್ಟ್ರ ಪಂಚೆಯ ಮಡಿಲಿಗೆ ಜಾರುತ್ತಾ ಬಂತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಚ್ಚಿನವರ ಕೈ ಖಾಲಿ.

“ತಾತ ಮೋಸ!”

“ಎಲ್ಲಿದೆಯೋ ಮೋಸ? ಚೀಟಿ ಬರೆದೋರು ನೀವು, ಎತ್ತಿದೋರು ನೀವು.”

ಚೊಂಬು ಬೋರಲು ಹಾಕಿ ಪರೀಕ್ಷಿಸಿದರು. ಹತ್ತೂ ಚೀಟಿ ಸರಿಯಾಗಿತ್ತು. ಮತ್ತೆ ಹೇಗೆ? ಆಗ, ಕೂಗಾಟದ ನಡುವೆ, ಏಳರ ಕೋಣದ ಪುಟ್ಟಿ ಬೆರಳು ಮಡಿಸಿ ಹೇಳಿದಳು: “ಹತ್ತು ನಂಬರಿಗೂ ಒಂದೊಂದು ಬೀಜ ಕಟ್ಟಿದ್ರೆ ತಾತಂಗೆ ಹತ್ತು ಹೋಗತ್ತೆ, ನಮಗೆ ಎಂಟು ಬರತ್ತೆ. ತಾತ ಸುಮ್ನೆ ಕೂತಿದ್ರೂ ಎರಡು ಬೀಜ.”

ಗೇಟಿನ ಹತ್ತಿರ ಕೂತ ತಂದೆ ಏನೂ ಮಾತಾಡಲಿಲ್ಲ. ಅವರ ಮುಖ ನೋಡಿದರೆ ತಾವೂ ಯಾವುದೋ ಚೊಂಬಿಗೆ ಬೀಜ ಕಟ್ಟಿದ ಲೆಕ್ಕ ಹಾಕುತ್ತಿದ್ದ ಹಾಗಿತ್ತು.

ನಮ್ಮ ಜನ ಮೋಸ ಅಂದರೆ ಗಿಲೀಟಿನ ದಾಳ, ಗುರುತು ಹಾಕಿದ ಎಲೆ ಅಂತಲೇ ತಿಳಿದಿದ್ದಾರೆ. ಗುರುತು ಹಾಕುವ ಶ್ರಮವೇ ಬೇಡ. ಅಂದರ್ ಬಾಹರಿನಲ್ಲಿ ಎಲ್ಲವೂ ನ್ಯಾಯವಾಗಿ ನಡೆದರೂ ಮೊದಲ ಎಲೆ ಬೀಳುವ ಕಡೆ ಗೆಲ್ಲುವ ಸಂಭವ ನೂರಕ್ಕೆ 51.5. ಇದನ್ನು ಬಲ್ಲವನು ಯಾವ ಕಡೆಗೆ ಕಟ್ಟುತ್ತಾನೆ, ಯಾವ ಕಡೆಗೆ ಕಡಿಮೆ ಕೊಡುತ್ತಾನೆ ಅಂತ ಹೇಳಬೇಕಿಲ್ಲ. ರಾಜ್ಯದಲ್ಲಿ ಲಾಟರಿ 2007ರಲ್ಲಿ ನಿಂತಿತು. ಓಸಿ ಮಟಕಾ ಕಾನೂನಿಗೆ ಹೆದರಿ ಗೂಡಂಗಡಿಯ ಹಿಂದಕ್ಕೆ ಹೋಯಿತೇ ಹೊರತು ನಿಲ್ಲಲಿಲ್ಲ. ದಾಳಿ, ಕೇಸು, ದಂಡ ಯಾವುದೂ ಮುಟ್ಟದ ಜಾಗವನ್ನು ಹುಣಸೆಬೀಜ ಮುಟ್ಟುತ್ತದೆ ಅನ್ನುವುದು ಮೇಷ್ಟ್ರ ವಾದ. “ಜೂಜು ಕೆಟ್ಟದ್ದು ಅಂತ ನೂರು ಸಲ ಹೇಳಿ, ಹುಡುಗನಿಗೆ ಕುತೂಹಲ ಹುಟ್ಟತ್ತೆ. ಒಂದು ಸಂಜೆ ಬೀಜ ಸೋಲಿಸಿ, ಲೆಕ್ಕ ಹುಟ್ಟತ್ತೆ” ಅನ್ನುತ್ತಾರೆ. ಅವರ ಕಟ್ಟಳೆ ಎರಡೇ: ಒತ್ತೆ ಎಂದೂ ದುಡ್ಡಾಗಬಾರದು, ಆಟ ಮುಗಿದ ಮೇಲೆ ಬೀಜವೆಲ್ಲ ಡಬ್ಬಿಗೆ ವಾಪಸು ಹೋಗಬೇಕು. ಎರಡನೆಯದು ಅವರ ಹೆಂಡತಿಯ ಕಟ್ಟಳೆ ಅಂತ ಕೇಳಿದ್ದೇನೆ.

ಪ್ರಶ್ನೆಪತ್ರಿಕೆ ತಯಾರಿಸುವ ಮಹನೀಯರಿಗೆ ನನ್ನದೊಂದು ಬಿನ್ನಹ. ಕೆಂಪು ರಾಜ, ಕಪ್ಪು ರಾಣಿಯರಿಗೆ ಒಂದು ವರ್ಷ ರಜೆ ಕೊಡಿ. ಒಂದೊಂದು ಶಾಲೆಗೆ ನಾಲ್ಕು ಕವಡೆ, ಎರಡು ದಾಳ, ಒಂದು ಸೇರು ಹುಣಸೆಬೀಜ ಕಳಿಸಿ. ಟೆಂಡರು ಕರೆಯದೆ ಕೊಳ್ಳುವುದು ನಿಮಗೆ ಕಷ್ಟ ಅಂತ ಗೊತ್ತು, ಆದರೂ ಪ್ರಯತ್ನಿಸಿ. ನಮೂನೆಗೆ ಒಂದು ಪ್ರಶ್ನೆಯನ್ನು ನಾನೇ ಬರೆದುಕೊಡುತ್ತೇನೆ. ಓದುಗರೂ ಬಿಡಿಸಬಹುದು, ಕ್ಯಾಲ್ಕ್ಯುಲೇಟರ್ ನಿಷಿದ್ಧ.

ಪ್ರಶ್ನೆ: ಒಂದು ಊರಿನಲ್ಲಿ ನೂರು ಜನ ದಿನಾ ತಲಾ ಹತ್ತು ರೂಪಾಯಿ ಓಸಿ ಬರೆಸುತ್ತಾರೆ. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ನಂಬರು. ಹೊಡೆದರೆ ರೂಪಾಯಿಗೆ 80 ರೂಪಾಯಿ. ಯಾರೂ ಯಾರಿಗೂ ಮೋಸ ಮಾಡುವುದಿಲ್ಲ. ಹೀಗೆ ಒಂದು ವರ್ಷ ನಡೆದರೆ, ಸರಾಸರಿ ಲೆಕ್ಕದಲ್ಲಿ 73,000 ರೂಪಾಯಿ ಒಬ್ಬನ ಜೇಬು ಸೇರುತ್ತದೆ. ಆ ಒಬ್ಬ ಯಾರು?
(ಅ) ಕನಸಿನಲ್ಲಿ ನಂಬರು ಕಂಡವನು.
(ಆ) ಹಲ್ಲಿ ಬಿದ್ದ ಫಲ ನೋಡಿ ನಂಬರು ತೆಗೆದವನು.
(ಇ) ಆರು ತಿಂಗಳಿಂದ ಒಂದೇ ನಂಬರಿಗೆ ಕಟ್ಟುತ್ತಾ, ‘ಇವತ್ತು ಬಂದೇ ಬರತ್ತೆ’ ಅನ್ನುತ್ತಿರುವವನು.
(ಈ) ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡು ಚೀಟಿ ಬರೆದುಕೊಡುವವನು.

(3 ಅಂಕ. ಉತ್ತರ ತಪ್ಪಾದವರಿಗೆ ಪೂರಕ ಪರೀಕ್ಷೆ ದಿನಾ ಸಂಜೆ ಗೂಡಂಗಡಿಯ ಹಿಂದೆ ನಡೆಯುತ್ತದೆ. ಶುಲ್ಕ ಹತ್ತು ರೂಪಾಯಿ.)